ಐದು ಕಾಲಮ್ಮಿನ ಹಾಳೆ

ಡಿಸೆಂಬರಿನಲ್ಲೂ ಬಂದಿದ್ದೆ ಇದೇ ತುಪ್ಪಟದ ಗುಡಾರಕ್ಕೆ,
ಇದೇ ದಫ್ತರ ಕಂಕುಳಲ್ಲಿಟ್ಟು.
ಕುದುರೆ, ಒಂಟೆ, ದನ, ಕುರಿ, ಆಡು.
ಸರಕಾರದ ಹಾಳೆಯಲ್ಲಿ ಐದೇ ಕಾಲಮ್ಮು.
ಉಪ್ಪಿನ ಚಹಾ ಕೊಟ್ಟ ದುಲಮ್‌ಜಾವ್
ನಾನು ಬೆರಳು ಮಾಡಿದಾಗ ಕೈ ಹಿಡಿದಳು:
"ಕಣ್ಣಲ್ಲೇ ಎಣಿಸಿಕೋ ತಮ್ಮಾ,
ಬಾಯಿಬಿಟ್ಟರೆ ಗಾಳಿಗೆ ಕೇಳುತ್ತದೆ."

ನಕ್ಕಿದ್ದೆ.
ಒಟ್ಟು ನಾನೂರ ಹನ್ನೆರಡು ಎಂದು ಗಟ್ಟಿಯಾಗಿಯೇ ಓದಿ
ರುಜು ಹಾಕಿಸಿಕೊಂಡಿದ್ದೆ.

ಜನವರಿಯ ಒಂದು ಮಧ್ಯಾಹ್ನ
ಬರಬಾರದ ಬಿಸಿಲು ಬಂತು.
ಮೇಲಿನ ಹಿಮ ನೀರಾಗಿ ಹುಲ್ಲಿನ ಬುಡಕ್ಕಿಳಿಯಿತು.
ಕತ್ತಲಾದ ಮೇಲೆ ಸೊನ್ನೆಗಿಂತ ನಲವತ್ತು ಮೆಟ್ಟಿಲು ಕೆಳಗಿಂದ ಚಳಿ ಎದ್ದು ಬಂದು
ಬಯಲಿಗೆಲ್ಲ ಗಾಜು ಹೊದಿಸಿ ಬೀಗ ಜಡಿಯಿತು.

ಇದಕ್ಕಿಲ್ಲಿ ಹೆಸರಿದೆ, ಕಬ್ಬಿಣದ ಝುದ್.
ಬಿಳಿಯದು ಬೇರೆ, ಅದು ಹಿಮ ಸುರಿದು ಕೊಲ್ಲುತ್ತದೆ.
ಕರಿಯದು ಹಿಮವೇ ಬೀಳದೆ, ನಾಲಗೆ ಒಣಗಿಸಿ.
ಕಬ್ಬಿಣದ್ದು ತೋರಿಸಿ ತೋರಿಸಿ ಕೊಲ್ಲುತ್ತದೆ:
ಮೂತಿಯ ಕೆಳಗೇ ಹುಲ್ಲು, ಎಸಳೆಸಳೂ ಸ್ಪಷ್ಟ,
ಕೆರೆದು ಕೆರೆದು ಗೊರಸೆಲ್ಲ ನೆತ್ತರು.
ಕಣ್ಣಿಗುಂಟು, ಬಾಯಿಗಿಲ್ಲ.

"ನನ್ನಜ್ಜಿ ಇಡೀ ಬಾಳಿನಲ್ಲಿ ಎರಡು ಕಂಡಳು," ಎಂದಳು ದುಲಮ್‌ಜಾವ್,
"ಮ್ಯಾಗ್ಮರ್ ಇನ್ನೂ ಆರನೇ ಕ್ಲಾಸು. ಅವನಿಗಿದು ನಾಲ್ಕನೆಯದು."

ಈಗ ಏಪ್ರಿಲ್.
ಲಾರಿ ಬಂದಿದೆ, ಹೊಂಡ ತೋಡಿದ್ದಾರೆ.
ಹೆಣವೊಂದಕ್ಕೆ ಇಷ್ಟೆಂದು ಎಳೆದವರಿಗೆ ಕೂಲಿ,
ಎಳೆಯುವವರೂ ಸಾಕಿದವರೇ.
ನಾನು ಹಾಳೆ ತಿರುವಿ ಮತ್ತೆ ಅವೇ ಐದು ಕಾಲಮ್ಮು ಗೀಚಿದೆ,
ಮೇಲೆ ಬರೆಯುವ ಪದವೊಂದೇ ಬೇರೆ.

ಹೇಳಮ್ಮಾ, ಎಂದೆ.
"ಕಿವಿ ಹರಿದದ್ದು. ಗುಡುಗಿಗೆ ಹೆದರಿ
ನನ್ನ ಲಂಗದೊಳಗೆ ತಲೆ ತೂರಿಸುತ್ತಿತ್ತು."
ಆಡು, ಒಂದು.
"ಮಳೆ ನಿಂತ ಮೇಲಿನ ಮಣ್ಣಿನ ಬಣ್ಣದ್ದು, ಹಣೆಗೆ ಚುಕ್ಕೆ.
ಗಂಡ ಕುಡಿದು ಬಿದ್ದಾಗ ರಾತ್ರಿಯೆಲ್ಲ ಪಕ್ಕ ಬಿಟ್ಟು ಕದಲಲಿಲ್ಲ."
ಕುದುರೆ, ಒಂದು.
"ಅದರ ಮಗಳು."
ಕುದುರೆ, ಎರಡು.
"ಆಮೇಲೆ..." ಎಂದು ಅವಳು ಸುಮ್ಮನಾದಳು.
ಲೇಖನಿಯ ಮಸಿ ಹೆಪ್ಪುಗಟ್ಟಿತೆಂದು ನೆಪ ಹೇಳಿ
ಬಾಯಲ್ಲಿಟ್ಟು ಊದುತ್ತ ಕೂತೆ ನಾನು.

ಹೊಂಡದ ಅಂಚಿನಲ್ಲಿ ಒಂದು ಆಡು ಸ್ವೆಟರ್ ತೊಟ್ಟಿತ್ತು,
ಕೆಂಪು, ಮೊಣಕೈಗೆ ತೇಪೆ.
ಕಾಲು ಸೆಟೆದಿದ್ದರಿಂದ ತೋಳು ಬಿಡಿಸಲು ಹೊತ್ತು ಹಿಡಿಯಿತು.
ಲಾರಿಯವನು ಕತ್ತರಿ ತಂದ.
"ಕತ್ತರಿಸಬೇಡಿ," ಎಂದ ಮ್ಯಾಗ್ಮರ್,
"ಸೋಮವಾರ ಸ್ಕೂಲಿದೆ."

ಮುನ್ನೂರ ತೊಂಬತ್ತಾರು.
ಈ ಸಲ ಮನಸ್ಸಿನಲ್ಲೇ ಕೂಡಿದೆ.
ಮನಸ್ಸಿನಲ್ಲಿ ಕೂಡಿದರೂ ಅಷ್ಟೇ ಬಂತು.

ಹೊರಡಬೇಕಿತ್ತು, ಕತ್ತಲಾಗಿತ್ತು, ಉಳಿದೆ.
ಒಲೆಯ ಬದಿಗೆ ಒಂದು ಕುರಿ, ಮರಿ ಸತ್ತದ್ದು.
ಒಂದು ಮರಿ, ತಾಯಿ ಸತ್ತದ್ದು.
ಕೆಚ್ಚಲಿಗೆ ಒತ್ತಿದರೆ ಕುರಿ ಒದೆಯುತ್ತದೆ,
ಮೂಸಿ, ಇದಲ್ಲ ಎಂದು ಮುಖ ತಿರುಗಿಸುತ್ತದೆ.
ದುಲಮ್‌ಜಾವ್ ಅದರ ಬೆನ್ನಿಗೆ ಕೆನ್ನೆಯಿಟ್ಟು ಶುರುಮಾಡಿದಳು:
ತೊಯ್ಗ್... ತೊಯ್ಗ್... ತೊಯ್ಗ್...
ಅರ್ಥವಿಲ್ಲ ಆ ಸದ್ದಿಗೆ, ಕುರಿಗೆಂದೇ ಇರುವುದು.
ಆಡಿಗೆ ಬೇರೆಯಂತೆ, ಒಂಟೆಗೆ ಬೇರೆ.
ಯಾವುದಕ್ಕೆ ಯಾವುದೆಂದು ತಪ್ಪಿದರೆ ಸೊರೆ ಬಿಡುವುದಿಲ್ಲವಂತೆ.
ಮೂರನೆಯ ರಾತ್ರಿಯಂತೆ ಇದು.
ಅವಳ ದನಿ ಒಡೆದಿತ್ತು. ಹಗಲೆಲ್ಲ ನನಗೆ ಉತ್ತರ ಹೇಳಿ ಹೇಳಿ
ಒಡೆದದ್ದೂ ಇರಬಹುದು.

ನಡುರಾತ್ರಿ ಎಚ್ಚರಾದಾಗಲೂ ತೊಯ್ಗ್.
ಬೆಳಗಿನ ಜಾವಕ್ಕೆ ನನ್ನ ಜೀಪು ಹೊರಟಿತು.
ಕುರಿಯ ಕಾಲು ನಡುಗುತ್ತಿತ್ತು,
ಒದೆಯಲೋ, ಒಪ್ಪಲೋ, ಹೇಳಲಾರೆ.

ಕಚೇರಿಯಲ್ಲಿ ಹಾಳೆಗೆ ಮೊಹರು ಬಿತ್ತು.
ಬದುಕಿದವುಗಳ ಸಾಲಿನಲ್ಲಿ, ಕುರಿಯ ಕಾಲಮ್ಮಿನ ಕೊನೆಗೆ,
ಆ ಮರಿಯನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ.
ಸಾಹೇಬರು ಕೇಳಿದರು, ಇದೇನಿದು, ಮಸಿ ಇರಲಿಲ್ಲವೇ?
ಇರಲಿಲ್ಲ, ಎಂದೆ.